ಸಿಎಫ್‌ಎಂ56-7ಬಿ: ಜೀವಿತಾವಧಿ ವೆಚ್ಚದ ಲೆಕ್ಕದಲ್ಲಿ ಒಂದು ವಿಮರ್ಶೆ

ವಿಮಾನದ ಎಂಜಿನ್ನನ್ನು ಕೊಂಡ ಬೆಲೆಯಿಂದ ಅಳೆಯುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಅದು ಸೇವೆಯಲ್ಲಿರುವಷ್ಟು ವರ್ಷ ಇಂಧನಕ್ಕೆ, ಬಿಡಿಭಾಗಗಳಿಗೆ, ಕಾರ್ಯಾಗಾರದ ದುರಸ್ತಿಗೆ ತಗಲುವ ಹಣವೂ ಸೇರಿದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ. ಆ ಹಣದ ಬಹುಪಾಲು ವಿನ್ಯಾಸದ ಹಂತದಲ್ಲೇ ನಿಗದಿಯಾಗಿರುತ್ತದೆ. ಬೋಯಿಂಗ್ 737 ಎನ್‌ಜಿ ವಿಮಾನಗಳಿಗೆಂದು ರೂಪಿಸಿದ ಸಿಎಫ್‌ಎಂ56-7ಬಿಯನ್ನು ನಾನು ಮೆಚ್ಚುವುದು ಈ ಕಾರಣಕ್ಕೇ.

ಇದರ ಅಧಿಕ ಒತ್ತಡದ ಟರ್ಬೈನಿಗೆ, ಅಂದರೆ ದಹನಕೋಣೆಯ ಬಿಸಿ ಅನಿಲ ಮೊದಲು ತಿರುಗಿಸುವ ಭಾಗಕ್ಕೆ, ಒಂದೇ ಹಂತವಿದೆ, ಎಂದರೆ ತಿರುಗುವ ಅಲಗುಗಳ ಒಂದೇ ಸಾಲು. ಎರಡು ಹಂತಗಳಿದ್ದರೆ ದಕ್ಷತೆ ಹೆಚ್ಚುತ್ತಿತ್ತು, ನಿಜ. ಆದರೆ ದಹನಕೋಣೆಯಿಂದ ನುಗ್ಗುವ ಉರಿಯನ್ನು ಎದುರಿಸುವ ಈ ಅಲಗುಗಳು ಒಳಗೆ ತಂಪುಗಾಳಿಯ ಸಣ್ಣ ನಾಳಗಳನ್ನಿಟ್ಟು ಎರಕ ಹೊಯ್ದ ನಿಕ್ಕಲ್ ಮಿಶ್ರಲೋಹದವು, ಬಹಳ ದುಬಾರಿ. ಅಂಥ ಒಂದು ಸಾಲನ್ನೇ ಕೈಬಿಟ್ಟದ್ದರಿಂದ ಪ್ರತಿಯೊಂದು ದೊಡ್ಡ ದುರಸ್ತಿಯಲ್ಲೂ ಖರ್ಚು ತಗ್ಗುತ್ತದೆ.

ನಿರ್ವಹಣೆಯ ಅನುಕೂಲವನ್ನೂ ಹೀಗೆಯೇ ಮೊದಲೇ ಯೋಚಿಸಲಾಗಿದೆ. ಮುಂಭಾಗದ 24 ಅಗಲ ಅಲಗುಗಳಲ್ಲಿ ಒಂದಕ್ಕೆ ಹಕ್ಕಿ ಬಡಿದು ಅಂಚು ಮಡಚಿದರೆ, ಮೂತಿಯ ಶಂಕುವನ್ನು ಬಿಚ್ಚಿ, ಎಂಜಿನ್ ರೆಕ್ಕೆಯಡಿಯಲ್ಲಿರುವಂತೆಯೇ ಆ ಅಲಗನ್ನು ಮುಂದಕ್ಕೆ ಜಾರಿಸಿ ತೆಗೆದು ಬೇರೊಂದನ್ನು ಕೂರಿಸಬಹುದು. ಒಳಭಾಗವನ್ನು ನೋಡಬೇಕಾದರೆ ಕವಚದ ಸಣ್ಣ ರಂಧ್ರದಿಂದ ಬೋರೋಸ್ಕೋಪ್ ಎಂಬ ತೆಳುವಾದ ಇಣುಕುನಳಿಕೆಯನ್ನು ತೂರಿಸಿ, ರೋಟರನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಅಲಗನ್ನು ಪರೀಕ್ಷಿಸುತ್ತಾರೆ. ನಿಷ್ಕಾಸ ಅನಿಲದ ಉಷ್ಣತೆಗೆ ವಿಧಿಸಿರುವ 950 ಡಿಗ್ರಿ ಸೆಲ್ಸಿಯಸ್ ಮಿತಿಗೂ ಟೇಕಾಫ್ ವೇಳೆಯ ಉಷ್ಣತೆಗೂ ನಡುವಿನ ಅಂತರ ಸವೆತದೊಂದಿಗೆ ಕಿರಿದಾಗುತ್ತದೆ, ಅದು ಮುಗಿದರೆ ಎಂಜಿನ್ ಕಾರ್ಯಾಗಾರಕ್ಕೆ ಹೋಗಬೇಕಾಗುತ್ತದೆ. ಗಾಳಿಯನ್ನು ಒತ್ತಿ ದಹನಕೋಣೆಗೆ ಕಳಿಸುವ ಕಂಪ್ರೆಸರನ್ನು ನೀರಿನಿಂದ ತೊಳೆದರೆ ಆ ಅಂತರದಲ್ಲಿ ಕೆಲವು ಡಿಗ್ರಿ ಮರಳಿ ದಕ್ಕುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನವಿದೆ. ಅಲಗುಗಳನ್ನು ಹಿಡಿದಿಟ್ಟು ತಿರುಗುವ ಡಿಸ್ಕುಗಳ ಆಯುಷ್ಯದ ಗುರಿ ಮುಂಭಾಗದಲ್ಲಿ 30,000, ನಡುಭಾಗದಲ್ಲಿ 20,000, ಹಿಂದಿನ ಕಡಿಮೆ ಒತ್ತಡದ ಟರ್ಬೈನಿನಲ್ಲಿ 25,000 ಹಾರಾಟಗಳು. ನಡುಭಾಗದ ಅವಧಿ ಮುಗಿದು ಎಂಜಿನ್ ಬಿಚ್ಚಿದಾಗ ಹಿಂದಿನ ಡಿಸ್ಕುಗಳಲ್ಲಿ 5,000 ಹಾರಾಟಗಳಷ್ಟೇ ಉಳಿದಿರುತ್ತವೆ. ಅವನ್ನು ಆಗಲೇ ಬದಲಾಯಿಸಿದರೆ ಉಳಿದ ಆಯುಷ್ಯ ವ್ಯರ್ಥ, ಬಿಟ್ಟರೆ ಮತ್ತೊಮ್ಮೆ ಬೇಗನೆ ಕಾರ್ಯಾಗಾರದ ದಾರಿ. ಈ ಅಂಕಿಗಳು ಒಂದಕ್ಕೊಂದು ಹೊಂದುವಂತೆ ವಿನ್ಯಾಸಕಾರರು ನೋಡಿಕೊಳ್ಳಬೇಕಿತ್ತು.

2016ರಲ್ಲಿ ಸೇವೆಗೆ ಬಂದ ಇದರ ಉತ್ತರಾಧಿಕಾರಿ ಲೀಪ್, ಎರಡು ಹಂತಗಳ ಅಧಿಕ ಒತ್ತಡದ ಟರ್ಬೈನನ್ನೇ ಆಯ್ದುಕೊಂಡು ಶೇ. 15ರಷ್ಟು ಇಂಧನ ಉಳಿತಾಯದ ಭರವಸೆ ನೀಡಿತು. ಆ ಉಳಿತಾಯ ಮೊದಲ ಹಾರಾಟದಿಂದಲೇ ಲೆಕ್ಕಕ್ಕೆ ಸಿಗುತ್ತದೆ, ಎರಡನೆಯ ಸಾಲಿನ ಅಲಗುಗಳ ಖರ್ಚು ಮಾತ್ರ ಎಂಜಿನ್ ಕಾರ್ಯಾಗಾರಕ್ಕೆ ಬಂದಾಗಲೇ ಕಾಣುತ್ತದೆ.