ಇಲಾಖೆಯ ನಕ್ಷೆಗಳಿಗೆ ಒಂದೇ ಮನೆ: ಜಿಯೋನೋಡ್ ವಿಮರ್ಶೆ

ಕೆರೆಯ ಗಡಿ ತೋರಿಸುವ ಫೈಲ್ ಒಂದು ತಾಲ್ಲೂಕು ಕಚೇರಿಯಲ್ಲಿ, ಅದರದೇ ಇನ್ನೊಂದು ಪ್ರತಿ ಸಣ್ಣ ನೀರಾವರಿಯವರ ಬಳಿ, ಮೂರನೆಯದು ಜಿಲ್ಲಾ ಪಂಚಾಯಿತಿಯ ಕಂಪ್ಯೂಟರಿನಲ್ಲಿ. ಮೂರರ ಹೆಸರಿನ ಕೊನೆಗೂ ‘ಫೈನಲ್’ ಎಂದೇ ಇರುತ್ತದೆ. ಒತ್ತುವರಿ ತೆರವಿಗೆ ಹೊರಟ ದಿನ ಇವುಗಳಲ್ಲಿ ಯಾವುದು ಸರಿ ಎಂದು ಸಹಿ ಹಾಕಿ ಹೇಳುವವರು ಸಿಗುವುದಿಲ್ಲ. ಜಿಯೋನೋಡ್ ತಂತ್ರಾಂಶ ಇರುವುದು ಈ ಕಾಯಿಲೆಗೆ, ಮತ್ತು ಈ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಬಳಸಿದರೆ ಇಲಾಖೆಗೆ ತೊಂದರೆ ತರುವ ಕೆಲವು ಗುಣಗಳೂ ಅದಕ್ಕಿವೆ.

ಮಧ್ಯ ಅಮೆರಿಕದ ವಿಪತ್ತು ಅಪಾಯದ ಅಂದಾಜಿಗಾಗಿ ವಿಶ್ವಬ್ಯಾಂಕಿನ ಬೆಂಬಲದಲ್ಲಿ ಹುಟ್ಟಿದ ಓಪನ್ ಸೋರ್ಸ್ ತಂತ್ರಾಂಶ ಇದು. ದತ್ತಾಂಶ ಪೋಸ್ಟ್‌ಜಿಐಎಸ್ ಎಂಬ ನಕ್ಷೆ ಡೇಟಾಬೇಸಿನಲ್ಲಿ ಕೂರುತ್ತದೆ, ಜಿಯೋಸರ್ವರ್ ಅದನ್ನು ಹೊರಗೆ ಬಡಿಸುತ್ತದೆ, ಬ್ರೌಸರಿನಲ್ಲಿ ನಕ್ಷೆ ತೋರಿಸುವುದು ಮ್ಯಾಪ್‌ಸ್ಟೋರ್. ಇವೆಲ್ಲದರ ಮೇಲೆ ಲಾಗಿನ್, ಗುಂಪು, ಅನುಮತಿ, ಹುಡುಕಾಟಗಳ ಪದರವೇ ಜಿಯೋನೋಡ್. ಇಲ್ಲಿ ಹೇಳುತ್ತಿರುವುದು ಅದರ 4ನೇ ಸರಣಿಯ ಬಗ್ಗೆ.

ಸ್ಥಾಪನೆಗೆ ಡಾಕರ್ ಕಂಪೋಸ್ (ಈ ಭಾಗಗಳನ್ನೆಲ್ಲ ‘ಕಂಟೇನರ್’ ಎಂಬ ಸಿದ್ಧ ಪೊಟ್ಟಣಗಳಾಗಿ ಒಟ್ಟಿಗೆ ಓಡಿಸುವ ಸಾಧನ) ದಾರಿ ಹಿಡಿಯಿರಿ, ಬೇರೆ ದಾರಿಗಳು ವೃಥಾ ಶ್ರಮ. ಪ್ರಯೋಗಕ್ಕೆ 8 ಜಿಬಿ ರ‍್ಯಾಮ್ ಸಾಕು, ಇಲಾಖೆಯ ನಿತ್ಯ ಬಳಕೆಗೆ 16 ಜಿಬಿಗೆ ಕಡಿಮೆ ಬೇಡ. ಅಪ್‌ಲೋಡ್‌ಗೆ ಮೊದಲಿನಿಂದಲೇ 100 ಎಂಬಿ ಮಿತಿ ಇರುತ್ತದೆ. ಅದನ್ನು ಅಡ್ಮಿನ್ ಪುಟದಲ್ಲಿ ಏರಿಸಿದ ಮೇಲೂ ದೊಡ್ಡ ಫೈಲ್ ನಿಂತರೆ ಮುಂದೆ ಕೂತಿರುವ ಎನ್‌ಜಿನ್‌ಎಕ್ಸ್ ಸರ್ವರಿನ ಮಿತಿಯನ್ನೂ ನೋಡಿ.

ಇದರ ನಿಜವಾದ ಲಾಭ ಅಪ್‌ಲೋಡ್ ಆದ ಮೇಲೆ ಗೊತ್ತಾಗುತ್ತದೆ. ಪ್ರತಿ ಪದರಕ್ಕೂ (ಕೆರೆ, ರಸ್ತೆ ಹೀಗೆ ಒಂದೊಂದು ವಿಷಯದ ನಕ್ಷೆಗೆ) ಒಂದು ಲಿಂಕ್ ಸಿಗುತ್ತದೆ. ತಾಲ್ಲೂಕಿನ ಸರ್ವೇಯರ್ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ತೆರೆದು ಆ ಲಿಂಕನ್ನು ಡಬ್ಲ್ಯುಎಂಎಸ್ (ನಕ್ಷೆ ಚಿತ್ರವಾಗಿ ಬರುವ ದಾರಿ) ಅಥವಾ ಡಬ್ಲ್ಯುಎಫ್‌ಎಸ್ (ದತ್ತಾಂಶವೇ ಬರುವ ದಾರಿ) ಆಗಿ ಸೇರಿಸಿಕೊಂಡರೆ ಕಾಣುವುದು ಕಚೇರಿಯ ಮೂಲ ಪ್ರತಿಯೇ. ಮೂಲದಲ್ಲಿ ಗಡಿ ತಿದ್ದಿದರೆ, ನಕ್ಷೆಯನ್ನು ರಿಫ್ರೆಶ್ ಮಾಡಿದೊಡನೆ ಅವರ ಪರದೆಯಲ್ಲೂ ತಿದ್ದುಪಡಿ ಕಾಣುತ್ತದೆ. ಪ್ರತಿ ಹಂಚುವ ಅಗತ್ಯವೇ ಬೀಳುವುದಿಲ್ಲ. ನೋಡು, ಡೌನ್‌ಲೋಡ್ ಮಾಡು, ತಿದ್ದು, ನಿರ್ವಹಿಸು ಎಂಬ ಹಂತಗಳನ್ನು ಗುಂಪಿಗೆ ಗುಂಪು ಬೇರೆಯಾಗಿ ಕೊಡಬಹುದು. ಕೆರೆ ಪದರವನ್ನು ತಿದ್ದುವ ಹಕ್ಕು ಒಂದೇ ಇಲಾಖೆಯ ಗುಂಪಿಗೆ ಇರಲಿ, ಉಳಿದವರಿಗೆ ನೋಡುವ ಹಕ್ಕು ಸಾಕು. ಯಜಮಾನ ಯಾರೆಂಬುದು ಆಗ ವ್ಯವಸ್ಥೆಯಲ್ಲೇ ಬರೆದಿರುತ್ತದೆ.

ಇನ್ನು ಎಚ್ಚರದ ಮಾತು. ಹೊಸ ಪದರವನ್ನು ಲಾಗಿನ್ ಇಲ್ಲದವರೂ ನೋಡಬಹುದು, ಇಳಿಸಿಕೊಳ್ಳಬಹುದು ಎಂಬುದೇ ಜಿಯೋನೋಡ್‌ನ ಹುಟ್ಟುಗುಣ. ಮುಕ್ತ ದತ್ತಾಂಶಕ್ಕೆ ಅದು ಸರಿ, ಕಂದಾಯ ದಾಖಲೆಗೆ ಸಲ್ಲದು. ಸೆಟ್ಟಿಂಗ್ಸ್‌ನಲ್ಲಿ ಅನಾಮಿಕ ವೀಕ್ಷಣೆ ಮತ್ತು ಅನಾಮಿಕ ಡೌನ್‌ಲೋಡ್ ಎರಡನ್ನೂ ಮೊದಲ ಫೈಲ್ ಏರಿಸುವ ಮುನ್ನವೇ ಆಫ್ ಮಾಡಿ. ಆಮೇಲೆ ಬದಲಿಸಿದರೆ ಹೊಸ ಪದರಗಳಿಗೆ ಮಾತ್ರ ಅನ್ವಯ. ಹಳೆಯವು ಬಾಗಿಲು ತೆರೆದುಕೊಂಡೇ ಇರುತ್ತವೆ, ಅವನ್ನು ಒಟ್ಟಿಗೆ ಆರಿಸಿ ಬೇರೆಯಾಗಿ ತಿದ್ದಬೇಕು. ಪಹಣಿಯಲ್ಲಿರುವ ಮಾಲೀಕರ ಹೆಸರು ಇರುವ ಕಾಲಂ ಅನ್ನು ‘ಕಾಣಿಸಬೇಡ’ ಎಂದು ಗುರುತು ಹಾಕಿದರೂ ನಂಬಬೇಡಿ. ನಕ್ಷೆಯ ಕಿಟಕಿಯಲ್ಲಿ ಅದು ಮರೆಯಾದರೂ ಡಬ್ಲ್ಯುಎಫ್‌ಎಸ್‌ನಲ್ಲಿ ಹೊರಬೀಳಬಹುದು. ಆ ಕಾಲಂ ಇಲ್ಲದ ಒಂದು ವ್ಯೂ (ಆಯ್ದ ಕಾಲಂಗಳನ್ನಷ್ಟೇ ತೋರಿಸುವ ಕೋಷ್ಟಕ) ಅನ್ನು ಡೇಟಾಬೇಸಿನಲ್ಲೇ ಮಾಡಿ ಅದನ್ನು ಪ್ರಕಟಿಸುವುದು ಒಳ್ಳೆಯದು.

ಕನ್ನಡದ ವಿಷಯಕ್ಕೆ ಬಂದರೆ ತಪ್ಪು ಜಿಯೋನೋಡ್‌ನದಲ್ಲ, ಅದಕ್ಕೆ ನಾವು ಉಣಿಸುವ, ಹಳೆಯ ನಕ್ಷೆ ಫೈಲ್ ಮಾದರಿಯಾದ ಶೇಪ್‌ಫೈಲಿನದು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಗ್ರಾಮ’ ಎಂದು ಬರೆದರೆ ಗ, ವಿರಾಮ, ರ, ದೀರ್ಘ, ಮ ಸೇರಿ 5 ಸಂಕೇತ, ಅಂದರೆ 15 ಬೈಟ್. ಶೇಪ್‌ಫೈಲಿನ ಕೋಷ್ಟಕದ ಭಾಗವಾದ ಡಿಬಿಎಫ್‌ನಲ್ಲಿ ಕಾಲಂ ಹೆಸರಿಗೆ ಇರುವುದು 10 ಬೈಟ್ ಮಾತ್ರ, ಹಾಗಾಗಿ ‘ಗ್ರಾಮ’ ಎಂಬ ಪುಟ್ಟ ಹೆಸರೂ ಅಲ್ಲಿ ಹಿಡಿಸದು. ಕಾಲಂ ಒಳಗಿನ ಪಠ್ಯಕ್ಕೆ 254 ಬೈಟ್, ಎಂದರೆ 84 ಸಂಕೇತಕ್ಕೆ ಕತ್ತರಿ. ಕೊನೆಯ ಅಕ್ಷರ ನಡುವೆಯೇ ತುಂಡಾದರೆ ಅಪ್‌ಲೋಡ್ ಎನ್‌ಕೋಡಿಂಗ್ ದೋಷ ತೋರಿಸಿ ನಿಲ್ಲಬಹುದು. ಅದಕ್ಕೇ ಶೇಪ್‌ಫೈಲ್ ಬದಲು ಜಿಯೋಪ್ಯಾಕೇಜ್ ಎಂಬ ಫೈಲ್ ಮಾದರಿ ಬಳಸಿ, 4ನೇ ಸರಣಿಯ ಹೊಸ ಇಂಪೋರ್ಟರ್ ಅದನ್ನು ನೇರ ಒಪ್ಪುತ್ತದೆ.

ಹಳೆಯ ದತ್ತಾಂಶ ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ತನ್ನಿ. ಪರಿವರ್ತಕ ಎಡವುವುದು ಸಾಮಾನ್ಯವಾಗಿ ಅರ್ಕಾವತ್ತಿನಲ್ಲಿ. ‘ಕಾರ್ಕಳ’ದ ಅರ್ಕಾವತ್ತನ್ನು ಆಸ್ಕಿಯಲ್ಲಿ ಅಕ್ಷರದ ನಂತರ ಒತ್ತುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಅರ್ಕಾವತ್ತಿರುವ ಊರುಗಳನ್ನೆಲ್ಲ ಸೋಸಿ ಒಮ್ಮೆ ಕಣ್ಣಾರೆ ನೋಡಿ. ನಕ್ಷೆಯ ಮೇಲೆ ಕನ್ನಡದ ಲೇಬಲ್ ಬದಲು ಚೌಕಗಳು ಬಂದರೆ ದತ್ತಾಂಶ ಕೆಟ್ಟಿಲ್ಲ, ಜಿಯೋಸರ್ವರ್ ಕಂಟೇನರಿನಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡವನ್ನು ಇಮೇಜಿನಲ್ಲೇ (ಕಂಟೇನರ್ ಹುಟ್ಟುವ ಮೂಲ ಅಚ್ಚಿನಲ್ಲೇ) ಸೇರಿಸಿ. ಓಡುತ್ತಿರುವ ಕಂಟೇನರಿಗೆ ಸೇರಿಸಿದರೆ ಮುಂದಿನ ಅಪ್‌ಡೇಟಿಗೆ ಅದು ಮಾಯ.

ಊರಿನ ಹೆಸರಿನ ಮೇಲೆ ಎರಡು ಕೋಷ್ಟಕಗಳನ್ನು ಜೋಡಿಸುವ ಅಭ್ಯಾಸ ಬಿಡಲೇಬೇಕು. ಎಚ್.ಡಿ. ಕೋಟೆ, ಎಚ್‌.ಡಿ.ಕೋಟೆ, ಹೆಗ್ಗಡದೇವನಕೋಟೆ: ಯಂತ್ರಕ್ಕೆ ಇವು ಮೂರು ಊರು. ಮೊದಲೆರಡರ ನಡುವೆ ಖಾಲಿ ಜಾಗದ ಜೊತೆಗೆ ಕಣ್ಣಿಗೆ ಕಾಣದ ಒಂದು ಸಂಕೇತದ ವ್ಯತ್ಯಾಸವೂ ಇದೆ. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31ನೇ ಜಿಲ್ಲೆಯಾಯಿತು. ಹೆಸರಿನ ಬದಲು ಎಲ್‌ಜಿಡಿ ಕೋಡ್ (ಕೇಂದ್ರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಊರಿಗೆ ಕೊಡುವ ಸಂಖ್ಯೆ) ಮೇಲೆ ಜೋಡಿಸಿ, ಕೋಡನ್ನು ಪಠ್ಯವಾಗಿಯೇ ಇಡಿ. ಸರ್ವೆ ನಂಬರಿಗೂ ಅದೇ ಮಾತು. 12/3 ಎಂಬುದಿರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಸೇವ್ ಮಾಡಿದರೆ ಹಿಸ್ಸಾ ಹೋಗಿ ತಾರೀಖು ಕೂತಿರುತ್ತದೆ.

ನಿರ್ದೇಶಾಂಕ ವ್ಯವಸ್ಥೆಯಲ್ಲಿ ಆಗುವ ತಪ್ಪು ಇನ್ನೂ ಮೌನವಾದದ್ದು. ಭೂಮಿಯ ಆಕಾರದ ಹಳೆಯ ಲೆಕ್ಕವಾದ ಎವರೆಸ್ಟ್ ಆಧಾರದ ನಕ್ಷೆಗೆ ಯಾರೋ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಚೀಟಿ ಅಂಟಿಸಿದ್ದರೆ ನಮ್ಮ ಭಾಗದಲ್ಲಿ ಎಲ್ಲವೂ 100 ಮೀಟರಿಗಿಂತ ಹೆಚ್ಚು ಸರಿದು ಕೂರುತ್ತದೆ. ಜಿಯೋನೋಡ್ ಇದನ್ನು ಹಿಡಿಯಲಾರದು. ಉಪಗ್ರಹ ಚಿತ್ರದ ಮೇಲೆ ಹಾಸಿ, ರಸ್ತೆ ಕೂಡುವ ನಾಲ್ಕೈದು ಕಡೆ ನೋಡಿದರೆ ಗೊತ್ತಾಗುತ್ತದೆ. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ವಲಯ 78 ಡಿಗ್ರಿ ಪೂರ್ವಕ್ಕೆ ಮುಗಿಯುತ್ತದೆ. ಕೋಲಾರ, ಮುಳಬಾಗಿಲು, ಕೆಜಿಎಫ್ ಅದರಾಚೆ, 44ನೇ ವಲಯದಲ್ಲಿವೆ. ಮುಳಬಾಗಿಲಿನ 100 ಎಕರೆಯ ಕೆರೆಯನ್ನು 43ರಲ್ಲೇ ಅಳೆದರೆ ಸುಮಾರು 10 ಗುಂಟೆ ಹೆಚ್ಚು ಬರುತ್ತದೆ. ದತ್ತಾಂಶವನ್ನು ಇಪಿಎಸ್‌ಜಿ 4326ರಲ್ಲಿ (ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶದಲ್ಲಿ) ಇಟ್ಟು, ವಿಸ್ತೀರ್ಣವನ್ನು ಪೋಸ್ಟ್‌ಜಿಐಎಸ್‌ನ ಜಿಯಾಗ್ರಫಿ ಮಾದರಿಯಲ್ಲಿ (ಭೂಮಿಯ ದುಂಡು ಮೈ ಮೇಲೆಯೇ) ಲೆಕ್ಕ ಹಾಕಿದರೆ ಈ ರಗಳೆ ಇಲ್ಲ. ಡಬ್ಲ್ಯುಎಫ್‌ಎಸ್ ಲಿಂಕಿನಲ್ಲಿ ಬೆಂಗಳೂರು ಹೋಗಿ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಕಾಣಿಸಿದರೆ ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ. ಕ್ಯೂಜಿಐಎಸ್‌ನ ಡಬ್ಲ್ಯುಎಫ್‌ಎಸ್ ಸಂಪರ್ಕದಲ್ಲಿ ಅಕ್ಷಗಳ ಕ್ರಮ ತಿರುಗಿಸುವ ಗುರುತು ಇದೆ.

ದೊಡ್ಡ ಕೊರತೆ ಎಂದರೆ ಇತಿಹಾಸ. ಗಡಿಯನ್ನು ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಿಸಿದರು ಎಂಬುದನ್ನು ಜಿಯೋನೋಡ್ ಉಳಿಸುವುದಿಲ್ಲ. ನ್ಯಾಯಾಲಯದಲ್ಲಿ ಕೇಳುವ ಪ್ರಶ್ನೆ ಅದೇ. ಪ್ರತಿ ಮುಖ್ಯ ಕೋಷ್ಟಕಕ್ಕೂ ಪೋಸ್ಟ್‌ಜಿಐಎಸ್‌ನಲ್ಲಿ ಒಂದು ಇತಿಹಾಸ ಕೋಷ್ಟಕ ಮತ್ತು ಪ್ರತಿ ತಿದ್ದುಪಡಿಗೂ ತಾನಾಗಿ ಓಡಿ ಅದನ್ನು ತುಂಬುವ ಟ್ರಿಗರ್ ಬರೆಯಿರಿ: ಹಳೆಯ ಸಾಲು, ಬಳಕೆದಾರ, ಸಮಯ. ತಿದ್ದುವವರೆಲ್ಲ ಜಿಯೋಸರ್ವರ್ ಮೂಲಕ ಬಂದರೆ ಡೇಟಾಬೇಸಿಗೆ ಒಬ್ಬನೇ ಬಳಕೆದಾರ ಕಾಣುತ್ತಾನೆ, ಹಾಗಾಗಿ ಗಡಿ ತಿದ್ದುವ ನಾಲ್ಕು ಜನರಿಗೆ ನೇರ ಡೇಟಾಬೇಸ್ ಲಾಗಿನ್ ಕೊಡುವುದೇ ಸರಿ. ಇತಿಹಾಸ, ಅನುಮೋದನೆ, ಗಡಿ ತಿದ್ದುಪಡಿಯ ಸಂಪೂರ್ಣ ಸರಪಳಿ ಸಿದ್ಧವಾಗಿಯೇ ಬೇಕೆನ್ನುವವರು ಹಣ ಕೊಟ್ಟು ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಕಡೆ ನೋಡಬೇಕಾಗುತ್ತದೆ. ಒಂದು ಜಿಲ್ಲೆ, ಒಂದು ನಿಗಮ, ಒಂದು ಇಲಾಖೆಯ ಮಟ್ಟಕ್ಕೆ, ಪೋಸ್ಟ್‌ಗ್ರೆಸ್ (ಪೋಸ್ಟ್‌ಜಿಐಎಸ್‌ಗೆ ಆಧಾರವಾದ ಡೇಟಾಬೇಸ್) ಬಲ್ಲ ಒಬ್ಬರು ಖಾಯಂ ಇದ್ದರೆ, ಜಿಯೋನೋಡ್ ಧಾರಾಳವಾಗಿ ಸಾಕು. ಆ ಒಬ್ಬರು ಇಲ್ಲದಿದ್ದರೆ ಶುರು ಮಾಡಬೇಡಿ.

ಸರ್ವರನ್ನು ಕಚೇರಿಯ ಐಪಿ ವಿಳಾಸದಿಂದ ಸರ್ಕಾರಿ ಡೊಮೇನಿಗೆ ಸಾಗಿಸುವಾಗ ಜಿಯೋಸರ್ವರ್ ಲಾಗಿನ್ ನಿಂತುಹೋಗುವುದು ತೀರ ಸಾಮಾನ್ಯ. ಎನ್ವಿರಾನ್ಮೆಂಟ್ ಫೈಲಿನ ಸೈಟ್ ವಿಳಾಸ, ಜಿಯೋಸರ್ವರಿನ ಪ್ರಾಕ್ಸಿ ವಿಳಾಸ, ಎರಡರ ಲಾಗಿನ್ ಬೆಸೆಯುವ ಓಆತ್‌ನ ಮರಳುವ ವಿಳಾಸ, ಮೂರನ್ನೂ ಒಟ್ಟಿಗೆ ಬದಲಿಸಿ. ಬ್ಯಾಕಪ್‌ನಲ್ಲಿ ಎರಡೂ ಡೇಟಾಬೇಸುಗಳು (ಜಿಯೋನೋಡ್‌ನ ಸ್ವಂತದ್ದು, ನಕ್ಷೆಗಳದ್ದು), ಜಿಯೋಸರ್ವರಿನ ಡೇಟಾ ಫೋಲ್ಡರ್, ಅಪ್‌ಲೋಡ್ ಫೋಲ್ಡರ್ ನಾಲ್ಕೂ ಇರಲಿ. ಡೇಟಾಬೇಸ್ ಮಾತ್ರ ಉಳಿಸಿದರೆ ಗಡಿಗಳು ಮರಳಿ ಬರುತ್ತವೆ, ಬಣ್ಣ ಮತ್ತು ಲೇಬಲ್ ವಿನ್ಯಾಸಗಳನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.