+6 ಅಂದ್ರೆ ಒಂದು ಬ ಒತ್ತು: ತರಗತಿಯಲ್ಲಿ ಕನ್ನಡ ವಿಕಿಪೀಡಿಯ

ತಿಪಟೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಬಿ.ಕಾಂ. ಓದುವವರಿಗೆ ಭಾಷಾ ಪತ್ರಿಕೆ. ವರ್ಷಗಟ್ಟಲೆ ಅಸೈನ್‌ಮೆಂಟ್ ಅಂತ ಹಾಳೆ ಬರೆಸಿದ್ದೇನೆ. ಒಬ್ಬರು ಬರೆದಿದ್ದನ್ನು ಹತ್ತು ಜನ ಇಳಿಸಿಕೊಂಡು ಬರುತ್ತಿದ್ದರು. ಅಂಕ ಹಾಕಿದ ಮೇಲೆ ಆ ಹಾಳೆಗಳು ಬೀರು ಸೇರುತ್ತಿದ್ದವು, ಮತ್ತೆ ಯಾರೂ ತೆರೆದು ನೋಡುತ್ತಿರಲಿಲ್ಲ. ಅದು ಬೇಸರವಾಗಿ, ಕಳೆದ ಎರಡು ಸೆಮಿಸ್ಟರ್ ಕನ್ನಡ ವಿಕಿಪೀಡಿಯದಲ್ಲೇ ಬರೆಸಿದೆ. ಇದನ್ನು ಮಾಡಬೇಕು ಅಂದುಕೊಂಡಿರುವ ಬೇರೆ ಅಧ್ಯಾಪಕರಿಗೆ ಉಪಯೋಗವಾಗಲಿ ಅಂತ ನನ್ನ ಅನುಭವ ಬರೆಯುತ್ತಿದ್ದೇನೆ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಕಾಲೇಜು ಮಕ್ಕಳಿಂದ ಬರೆಸುವುದೂ ಹೊಸದಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಲ್ಲೇ ಭಾಷಾ ವಿಭಾಗದವರು ಇದನ್ನು ಕೈಗೆತ್ತಿಕೊಂಡಿದ್ದರು. ದುಡ್ಡು ಕೊಡಬೇಕಾಗಿಲ್ಲ, ಜಾಹೀರಾತು ಇಲ್ಲ, ಪುಟಗಳು ಹಗುರ. ಹಳ್ಳಿಯಲ್ಲಿ ಸಿಗ್ನಲ್ ಕಡಿಮೆ ಇದ್ದರೂ ತೆರೆದುಕೊಳ್ಳುತ್ತವೆ. ಟೈಪಿಂಗ್‌ಗೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ. ಕಂಪ್ಯೂಟರಿನಲ್ಲಾದರೆ ಕನ್ನಡ ಕೀಲಿಮಣೆ ಅಲ್ಲೇ ಇದೆ, ಒಮ್ಮೆ ಆರಿಸಿಕೊಂಡರೆ ಕಂಟ್ರೋಲ್ ಮತ್ತು ಎಂ ಒತ್ತಿ ಇಂಗ್ಲಿಷಿಗೂ ಕನ್ನಡಕ್ಕೂ ಓಡಾಡಬಹುದು. ನಮ್ಮ ಹುಡುಗಿಯರು ಜಾಸ್ತಿ ಫೋನಿನಲ್ಲೇ ಬರೆದರು. ಕೆಲವರು ಬಾಯಲ್ಲಿ ಹೇಳಿ ಟೈಪ್ ಮಾಡಿಸಿಕೊಂಡರು. ಫೋನಿನಲ್ಲಿ ವಾಕ್ಯ ಬರೆಯುವುದು ಸಲೀಸು. ಉಲ್ಲೇಖ ಹಾಕುವುದು, ಕೋಷ್ಟಕ ಮಾಡುವುದು ಕಷ್ಟ. ಅದಕ್ಕೆ ಲ್ಯಾಬಿಗೇ ಹೋಗಬೇಕು.

ಮೊದಲ ದಿನವೇ ಒಂದು ತೊಂದರೆಯಾಯಿತು. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು. ಕಿಡಿಗೇಡಿಗಳು ರಾಶಿ ರಾಶಿ ಖಾತೆ ಮಾಡದಿರಲಿ ಅಂತ ಇಟ್ಟಿರುವ ನಿಯಮ ಅದು. ನನಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ 24 ಮಕ್ಕಳಿದ್ದರು. ಆರು ಖಾತೆ ಆದ ಮೇಲೆ ಉಳಿದ 18 ಜನ ಸುಮ್ನೆ ಕೂತರು. ಮುಂಚೆಯೇ ಕೇಳಿಕೊಂಡರೆ ಕಾರ್ಯಾಗಾರಗಳಿಗೆ ಈ ಮಿತಿಯನ್ನು ಸಡಿಲಿಸುತ್ತಾರೆ. ಇಲ್ಲವಾದರೆ ಒಂದು ವಾರ ಮೊದಲೇ ಎಲ್ಲರೂ ಮನೆಯಲ್ಲಿ ಅವರವರ ಫೋನಿನಿಂದ ಖಾತೆ ಮಾಡಿಕೊಂಡು ಬರಲಿ.

ಈಗ ನನಗೆ ತುಂಬ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ವಿಕಿಯ ಪ್ರತಿ ಪುಟಕ್ಕೂ ಒಂದು ಇತಿಹಾಸ ಇರುತ್ತದೆ. ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ಒಂದೂ ಬಿಡದೆ ಅಲ್ಲಿ ದಾಖಲಾಗಿರುತ್ತದೆ. ನಾಲ್ಕು ಜನರ ಒಂದು ಗುಂಪು ಕೊಬ್ಬರಿ ಬಗ್ಗೆ ಬರೆದಿತ್ತು. ಮೊದಲು ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡುವ ಪುಟದಲ್ಲಿ ಬರೆದು, ತಿದ್ದಿ, ಆಮೇಲೆ ಲೇಖನಕ್ಕೆ ಸೇರಿಸಿದರು. ಮೂರು ದಿನ ಬಿಟ್ಟು ನೋಡಿದರೆ ಇತಿಹಾಸದಲ್ಲಿ ಗುರುತಿಲ್ಲದ ಒಂದು ಹೆಸರು, ಅದರ ಪಕ್ಕ +6 ಅಂತ ಹಸಿರು ಅಂಕಿ. ಆರು ಏನು ಮೇಡಂ, ಆರು ಅಕ್ಷರವಾ ಅಂತ ಕೇಳಿದರು. ತೆರೆದು ನೋಡಿದೆವು. ಒಂದು ಕಡೆ ಇವರು 'ಕೊಬರಿ' ಅಂತ ಬರೆದುಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ಅದನ್ನು 'ಕೊಬ್ಬರಿ' ಮಾಡಿದ್ದರು.

ಒಂದು ಒತ್ತಿಗೆ ಆರು ಯಾಕೆ? ಆ ಅಂಕಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಬರಹ ಹಿಡಿಯುವ ಜಾಗದ ಅಳತೆಯನ್ನು. ಕಂಪ್ಯೂಟರ್ ಕನ್ನಡದ ಒಂದೊಂದು ಚಿಹ್ನೆಯನ್ನೂ ಮೂರು ಬೈಟ್‌ಗಳಲ್ಲಿ ಇಡುತ್ತದೆ. ನಮ್ಮ ಕಣ್ಣಿಗೆ ಬ ಒತ್ತು ಒಂದೇ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಮೊದಲ ಬಕಾರದ ಸ್ವರ ಕಳೆಯುವ ಗುರುತು ಒಂದು, ಆಮೇಲಿನ ಬ ಇನ್ನೊಂದು. ಮೂರು ಮೂರು ಆರು. ಸಂಯುಕ್ತಾಕ್ಷರದಲ್ಲಿ ಮೊದಲ ವ್ಯಂಜನಕ್ಕೆ ಸ್ವರ ಇರುವುದಿಲ್ಲ ಅಂತ ವ್ಯಾಕರಣ ಹೇಳುವುದೂ ಇದನ್ನೇ. ಅವತ್ತು ಪೂರ್ತಿ ಒಂದು ಗಂಟೆ ಒತ್ತಕ್ಷರದ ಪಾಠವೇ ಆಯಿತು. ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ನಾನು ಆ ತರಗತಿಯಲ್ಲಿ ಬೇರೆ ಯಾವತ್ತೂ ನೋಡಿಲ್ಲ. ನಾನು ಕೆಂಪು ಇಂಕಿನಲ್ಲಿ ತಿದ್ದಿದ್ದರೆ ಮರೆಯುತ್ತಿದ್ದರು. ಮುಖ ಕಾಣದ ಯಾರೋ ಓದಿ ತಿದ್ದಿದ್ದಾರೆ ಅನ್ನುವುದು ಅವರಿಗೆ ನಾಟಿತು.

ಪ್ರತಿ ಲೇಖನದ ಜೊತೆಗೆ ಅದರ ಬಗ್ಗೆ ಮಾತಾಡಿಕೊಳ್ಳಲು ಇರುವ ಚರ್ಚೆ ಪುಟವೂ ಹಾಗೆಯೇ. ಕೊಬ್ಬರಿಯಾಗಲು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಷ್ಟು ತಿಂಗಳು ಬಿಡಬೇಕು? ಎಂಟು ಅಂತ ಒಬ್ಬಳು, ಹನ್ನೆರಡು ಅಂತ ಇನ್ನೊಬ್ಬಳು. ಇಬ್ಬರ ಮನೆಯಲ್ಲೂ ತೋಟ ಇದೆ, ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ತೋಟಗಾರಿಕೆ ಪುಸ್ತಕ ತೆಗೆದು ನೋಡಿದರೆ ಎಂಟರಿಂದ ಹನ್ನೆರಡು ತಿಂಗಳು ಅಂತ ಇತ್ತು! ಆ ಸಾಲಿನ ಮುಂದೆ ಪುಸ್ತಕದ ಹೆಸರು, ಪುಟದ ಸಂಖ್ಯೆ ಹಾಕಿದರು. ಬಿ.ಕಾಂ. ಮಕ್ಕಳು ತಾವಾಗಿಯೇ ಲೈಬ್ರರಿಗೆ ಹೋಗಿ ಪುಟ ಹುಡುಕಿದರು ಅಂದರೆ ಅದು ಸಣ್ಣ ಮಾತಲ್ಲ.

ವಿಕಿಪೀಡಿಯದಲ್ಲೇ ಇರುವ ಅನುವಾದದ ಸಲಕರಣೆ ಬಗ್ಗೆ ಒಂದು ಎಚ್ಚರಿಕೆ. ಎಡಗಡೆ ಇಂಗ್ಲಿಷ್ ಲೇಖನ ಇಟ್ಟುಕೊಂಡರೆ ಬಲಗಡೆ ಯಂತ್ರ ಕನ್ನಡ ಕೊಡುತ್ತದೆ. ಕೊಟ್ಟಿದ್ದನ್ನು ತಿದ್ದದೇ ಪ್ರಕಟಿಸಲು ಹೋದರೆ ಅದು ಎಚ್ಚರಿಸುತ್ತದೆ ನಿಜ. ಆದರೂ ಮಕ್ಕಳು ಅಲ್ಲೊಂದು ಇಲ್ಲೊಂದು ಪದ ಬದಲಾಯಿಸಿ ಮುಗಿಸಿಬಿಡುತ್ತಾರೆ. 'ತೆಂಗಿನ ಮರವು ತಾಳೆ ಕುಟುಂಬದ ಸದಸ್ಯವಾಗಿದೆ' ಅಂತ ಒಬ್ಬಳು ತಂದು ತೋರಿಸಿದಳು. ನಿಮ್ಮ ಮನೆಯಲ್ಲಿ ಹೀಗೆ ಮಾತಾಡ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು 'ತೆಂಗು, ಅಡಿಕೆ, ಈಚಲು, ತಾಳೆ ಎಲ್ಲ ಒಂದೇ ಬಳಗದ ಮರಗಳು' ಅಂತ ಬರೆದು ತಂದಳು. ಎಷ್ಟು ಚೆನ್ನಾಗಿದೆ ಅಲ್ವಾ! ಮೊದಲ ತಿಂಗಳು ಆ ಸಲಕರಣೆ ಮುಟ್ಟಬೇಡಿ ಅನ್ನುವುದು ನನ್ನ ಖಡಾಖಂಡಿತ ಸಲಹೆ.

ಗೂಗಲ್ ಡಾಕ್ಸ್ ಕೂಡ ಬಳಸಿದೆವು. ಒಂದೇ ಹೊತ್ತಿಗೆ ನಾಲ್ಕು ಜನ ಕೂತು ಟಿಪ್ಪಣಿ ಮಾಡಿಕೊಳ್ಳಲು ಅದೇ ಅನುಕೂಲ. ವಿಕಿಯಲ್ಲಿ ಇಬ್ಬರು ಒಟ್ಟಿಗೆ ಒಂದೇ ಭಾಗ ತಿದ್ದಿದರೆ ಉಳಿಸುವಾಗ ತಿಕ್ಕಾಟ ಆಗುತ್ತದೆ. ಡಾಕ್ಸ್‌ನಲ್ಲಿ ಲಾಗಿನ್ ಮಾಡಿಸಿಯೇ ಬರೆಸಿ. ಇಲ್ಲದಿದ್ದರೆ ಪ್ರಾಣಿಗಳ ಹೆಸರು ಕಾಣಿಸುತ್ತವೆ, ಯಾರು ಏನು ಬರೆದರು ಗೊತ್ತಾಗುವುದಿಲ್ಲ. ಹೈಸ್ಕೂಲಿನವರಿಗಾದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಿದೆ. ಅದೂ ವಿಕಿಪೀಡಿಯದ ತಂತ್ರಾಂಶದಲ್ಲೇ ನಡೆಯುವ ವಿಕಿ. ಶಿಕ್ಷಕರೇ ಸೇರಿ ಕಟ್ಟಿದ ಪಾಠದ ಸಾಮಗ್ರಿ ಅಲ್ಲಿ ಸಿಗುತ್ತದೆ.

ಭಾಷಾ ತರಗತಿಗೆ ನನ್ನ ಮೊದಲ ಆಯ್ಕೆ ಈಗ ವಿಕಿಸೋರ್ಸ್, ಅಂದರೆ ಪುಸ್ತಕಗಳನ್ನೇ ಓದಲು ಇಡುವ, ವಿಕಿಪೀಡಿಯದ ಸೋದರ ತಾಣ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಎಲ್ಲರೂ ಬಳಸಲಿ ಅಂತ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದು ಅಲ್ಲಿ ಓದಲು ಸಿಗುತ್ತದೆ. ಹಳೆಯ ಪುಸ್ತಕಗಳ ಪುಟದ ಚಿತ್ರ ಒಂದು ಪಕ್ಕ, ಯಂತ್ರ ಓದಿದ ಅಕ್ಷರ ಇನ್ನೊಂದು ಪಕ್ಕ ಇರುತ್ತದೆ. ಹೋಲಿಸಿ ತಿದ್ದುವುದು ನಮ್ಮ ಕೆಲಸ. ಯಂತ್ರ ಅರ್ಕಾವೊತ್ತಿಗೆ ಎಡವುತ್ತದೆ, ಪ ಮತ್ತು ವ ಅದಲುಬದಲು ಮಾಡುತ್ತದೆ. ತಿದ್ದುವ ಮೊದಲು ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ತಾನು ಹಳದಿ ಮಾಡಿದ ಪುಟವನ್ನು ತಾನೇ ಹಸಿರು ಮಾಡುವ ಹಾಗಿಲ್ಲ. ಹಾಗಾಗಿ ಜೋಡಿಯಾಗಿ ಕೂರಲೇಬೇಕು. ಬರವಣಿಗೆಗೆ ಹೆದರುವ ಮಕ್ಕಳಿಗೆ ಇದು ಬಹಳ ಒಳ್ಳೆಯ ಶುರು.

ನನ್ನ ಮನಸ್ಸಿಗೆ ಚುಚ್ಚಿದ ಒಂದು ಸಂಗತಿಯೂ ಇದೆ. ಕೊಬ್ಬರಿ ಬಗ್ಗೆ ಬರೆದ ಆ ಗುಂಪಿನ ಒಬ್ಬಳ ಅಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ವಾಪಸ್ ಅಟ್ಟಕ್ಕೆ. ಒಣ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಬಂದರೆ ಸುಲಿಯಲು ತಯಾರು. ಮೊಮ್ಮಗಳು ಅದನ್ನು ನಾಲ್ಕು ಸಾಲಿನಲ್ಲಿ ಚೆಂದವಾಗಿ ಬರೆದಿದ್ದಳು. ಆದರೆ ವಿಕಿಪೀಡಿಯಕ್ಕೆ ಪ್ರಕಟವಾದ ಆಧಾರ ಬೇಕು, ಅಜ್ಜಿಯ ಮಾತು ಆಧಾರವಾಗುವುದಿಲ್ಲ. ನಿಯಮ ಯಾಕಿದೆ ಅಂತ ನನಗೆ ಅರ್ಥವಾಗುತ್ತದೆ. ಆದರೂ ನಮ್ಮ ಕಡೆಯ ಎಷ್ಟೋ ತಿಳಿವಳಿಕೆ ಎಲ್ಲೂ ಪ್ರಕಟವಾಗಿಯೇ ಇಲ್ಲ. ಅಜ್ಜಿ ಕಾಯಿ ಹಿಡಿದ ಕೈಯ ಫೋಟೋವನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದಳು, ಅದಕ್ಕೆ ತೊಂದರೆ ಇಲ್ಲ. ಆ ನಾಲ್ಕು ಸಾಲು ಮಾತ್ರ ಈಗಲೂ ಚರ್ಚೆ ಪುಟದಲ್ಲೇ ಇವೆ. ಸದ್ದು ಕೇಳಿ ಕೊಬ್ಬರಿ ನೋಡುವ ಬಗ್ಗೆ ಯಾವುದಾದರೂ ಪುಸ್ತಕದಲ್ಲಿ ನೀವು ಓದಿದ್ದರೆ, ಪುಟದ ಸಂಖ್ಯೆ ಸಮೇತ ಅಲ್ಲೇ ಕೆಳಗೆ ಬರೆಯಿರಿ. ಆ ಹುಡುಗಿ ಪ್ರತಿ ಭಾನುವಾರ ತೆರೆದು ನೋಡುತ್ತಾಳೆ.