ಹೆಸರಿಲ್ಲದ ಮಾತ್ರೆ ಪೊಟ್ಟಣ ಕೊಡುವ ಕ್ಲಿನಿಕ್‌ಗೆ ಹೋಗಬೇಡಿ

ದಾವಣಗೆರೆಯವರು ದಯವಿಟ್ಟು ಓದಿ. ಕೆಮ್ಮಿಗೆ ಅಂತ ಯಾವ ಕ್ಲಿನಿಕ್‌ಗೆ ಹೋದರೂ ಮಾತ್ರೆ ಹೆಸರು ಬರೆದ ಚೀಟಿ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ನಮ್ಮ ಅಮ್ಮನಿಗೆ ಶುಗರ್ ಇದೆ. ಚಳಿಗಾಲದಲ್ಲಿ ಜ್ವರ, ನೆಗಡಿ ಬಂದು ಹೋಯಿತು. ಕೆಮ್ಮು ಮಾತ್ರ ಬಿಡಲಿಲ್ಲ. ಕೆಮ್ಮಿ ಕೆಮ್ಮಿ ಎದೆ ಎಡಗಡೆ ನೋವು ಬೇರೆ. ಗಾಬರಿ ಆಗುತ್ತೆ ಅಲ್ವಾ? ಮನೆ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಸ್ಟೆತಾಸ್ಕೋಪ್ ಸೀರೆ ಮೇಲೇ ಇಟ್ಟು ತೆಗೆದರು. "ಮಂಡಕ್ಕಿ ಭಟ್ಟಿ ಹೊಗಿ, ಎದಿಯಾಗೆ ಕಟ್ಟೈತಿ" ಅಂದರು. ಒಂದು ಇಂಜೆಕ್ಷನ್. ಕಾಂಪೌಂಡರ್ ಡಬ್ಬಿಯಿಂದ ಪುಟ್ಟ ಬಿಳಿ ಮಾತ್ರೆ ಎಣಿಸಿ, ಪೇಪರ್ ಚೂರಲ್ಲಿ ಮಡಚಿ ಕೊಟ್ಟ. ಶುಗರ್ ಇದೆ ಅಂತ ಹೇಳಿದ್ದೆವು. ಎರಡೆರಡು ಸಲ ಹೇಳಿದ್ದೆವು.

ಕೆಮ್ಮು ಇಳಿಯಿತು. ಮಾತ್ರೆ ಮುಗಿದರೆ ಮತ್ತೆ ಶುರು. ಮತ್ತೆ ಅದೇ ಪೊಟ್ಟಣ. ಆಮೇಲೆ ಅಮ್ಮನ ಮುಖ ಊದಿಕೊಂಡಿತು, ಬಾಯಾರಿಕೆ ತಡೆಯೋಕಾಗ್ತಿರಲಿಲ್ಲ. ಶುಗರ್ ನೋಡಿಸಿದರೆ 400 ದಾಟಿತ್ತು.

ಚಿಗಟೇರಿ ಜಿಲ್ಲಾಸ್ಪತ್ರೆಗೆ ಓಡಿದೆವು. ಇಸಿಜಿ, ಎಕ್ಸ್‌ರೇ, ಕಫ ಪರೀಕ್ಷೆ ಎಲ್ಲ ಮಾಡಿದರು, ಏನೂ ಇರಲಿಲ್ಲ. ಡಾಕ್ಟರ್ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಒತ್ತಿದರು. ಅಮ್ಮ "ಅಯ್ಯೋ, ಅಲ್ಲೇ" ಅಂದರು. ಕೆಮ್ಮಿ ಕೆಮ್ಮಿ ಸ್ನಾಯು ನೊಂದಿದೆ, ಅಷ್ಟೇ. ವೈರಸ್ ಜ್ವರ ಹೋದಮೇಲೂ ಶ್ವಾಸನಾಳ ಕೆರಳಿಯೇ ಇರುತ್ತದೆ, ಇಂಥ ಕೆಮ್ಮು 8 ವಾರದವರೆಗೂ ಉಳಿಯಬಹುದು, ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ ಎಂದರು. ಆಮೇಲೆ ಕೇಳಿದರು: "ಇಷ್ಟು ದಿನ ಯಾವ ಮಾತ್ರೆ ಕೊಟ್ರಿ?" ನಾನು ಪೇಪರ್ ಚೂರು ಬಿಚ್ಚಿ ತೋರಿಸಿದೆ. ಹೇಳೋಕೆ ಒಂದು ಹೆಸರೂ ಇರಲಿಲ್ಲ. ಅಷ್ಟು ಜನರ ಮುಂದೆ ತಲೆ ಎತ್ತೋಕಾಗಲಿಲ್ಲ. ಮುಖದ ಊತ, ಶುಗರ್ ನೋಡಿದರೆ ಸ್ಟೆರಾಯ್ಡ್ ಇರಬೇಕು, ಆ ಔಷಧಿ ಕೆಮ್ಮು ತಗ್ಗಿಸಿದರೂ ಶುಗರ್ ಏರಿಸುತ್ತೆ, ಮುಖ ಊದಿಸುತ್ತೆ ಎಂದರು.

ವಾಪಸ್ ಕ್ಲಿನಿಕ್‌ಗೆ ಹೋಗಿ ಕೇಳಿದೆ. ಯಾವ ಮಾತ್ರೆ ಅದು? "ಹೆಸರು ತಗೊಂಡು ನೀವೇನ್ ಮಾಡ್ತೀರಿ?" ಶುಗರ್ 400 ಆಗಿದೆ ಅಂದೆ. "ಸಿಹಿ ತಿಂದಿರ್ತಾರೆ." ಚೀಟಿ ಬರೆದುಕೊಡಿ ಅಂದೆ. "ಕೆಮ್ಮು ಕಡಿಮಿ ಆತಿಲ್ಲೋ? ಇನ್ನೇನ್ ಬೇಕು ನಿಮಗ?" ಆ ಮಾತು ಇನ್ನೂ ಕಿವಿಯಲ್ಲಿದೆ. ಇನ್ನೇನ್ ಬೇಕು ಅಂತೆ! ನಮ್ಮಮ್ಮನ ಹೊಟ್ಟೆಗೆ ಏನು ಹಾಕಿದಿರಿ ಅಂತ ಗೊತ್ತಾಗಬೇಕು, ಅಷ್ಟೇ ಕೇಳಿದ್ದು. ಹಿಂದೆ ಕಾಯುತ್ತಿದ್ದವರಿಗೆ "ನೆಕ್ಸ್ಟ್" ಅಂದುಬಿಟ್ಟರು.

ಕೆಮ್ಮು 2 ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಟಿಬಿ ಇದೆಯಾ ಅಂತ ಪುಕ್ಕಟೆ ನೋಡುತ್ತಾರೆ. ಕಫದಲ್ಲಿ ರಕ್ತ, ಉಸಿರಾಟ ಕಷ್ಟ, ಎದೆ ನೋವು ಕೈಗೆ ಹರಿಯೋದು ಕಂಡರೆ ಕಾಯಲೇಬೇಡಿ. ನಿಮ್ಮ ಮನೆಯಲ್ಲೂ ಇಂಥ ಪೊಟ್ಟಣದ ಮಾತ್ರೆ ಯಾರಾದರೂ ತುಂಬಾ ದಿನದಿಂದ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ಸ್ಟೆರಾಯ್ಡ್ ಆಗಿದ್ದರೆ ಹಾಗೆ ನಿಲ್ಲಿಸೋದೂ ಅಪಾಯ. ಪೊಟ್ಟಣ ಸಮೇತ ಜಿಲ್ಲಾಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ.